ರೊಡೋನಿ ಕೋಟೆಯಲ್ಲಿ ಹೆಲ್ಮೆಟ್ಟು

"ಅಲ್ತಿನ್, ಹಾಕ್ಕೋಬೇಡ! ಒಳಗೆ ಹಾವಿದೆ!"

ಬೆಸ್ನಿಕ್ ಕೂಗಿದಾಗ ಅಲ್ತಿನ್ ಹೆಲ್ಮೆಟ್ಟನ್ನು ಹಣೆಯ ಮಟ್ಟಕ್ಕೆ ಎತ್ತಿಯಾಗಿತ್ತು. ಮಧ್ಯಾಹ್ನವೆಲ್ಲ ಅದು ಕಡಲಂಚಿನ ರೊಡೋನಿ ಕೋಟೆಯ ಕುಸಿದ ಗೋಡೆಯ ಮೇಲೆ ಬಿಸಿಲಿಗೆ ಬಿದ್ದಿತ್ತು. ಈಗ ಅದರ ಅಂಚಿನಿಂದ ಬೂದುಬಣ್ಣದ ಬಾಲವೊಂದು ಮೆಲ್ಲಗೆ ಒಳಸರಿಯುತ್ತಿತ್ತು. ಕೋಟೆಯ ಬಾಗಿಲ ಬಳಿ ಉಳಿದ ಗೆಳೆಯರು ಬೈಕ್ ಹತ್ತಿ ಹಾರ್ನ್ ಬಾರಿಸುತ್ತಿದ್ದರು.

"ಸಾಕು ನಿಲ್ಸೋ!" ಎಂದ ಅಲ್ತಿನ್. " ಬೆಳಿಗ್ಗೆ ತಿರಾನಾ ದಾಟ್ತಿದ್ದ ಹಾಗೇ ನನ್ನ ಬೈಕಿನ ಚಕ್ರ ಕಳಚ್ತಿದೆ ಅಂದೆ ನೀನು. ಊಟಕ್ಕೆ ಕೂತಾಗ ಬೈಕ್ ಕಳವಾಯ್ತು ಅಂದೆ. ಈಗ ಹಾವಾ?"

ಓಡಿಹೋಗಿ ಕಿತ್ತುಕೊಳ್ಳೋಣವೆಂದರೆ ಬೆಸ್ನಿಕ್‌ಗೂ ಅವನಿಗೂ ನಡುವೆ ಗೋಡೆ ಬಾಯಿಬಿಟ್ಟಿತ್ತು, ಕೆಳಗೆ ಸಮುದ್ರ. ಆಣೆ ಇಡೋಣವೆಂದರೆ ಬೆಳಿಗ್ಗೆಯ ಸುಳ್ಳಿಗೂ ಅಮ್ಮನ ತಲೆಯ ಮೇಲೆ ಆಣೆ ಇಟ್ಟಿದ್ದ. ಬೆಸ್ನಿಕ್ ನಿಂತಲ್ಲೇ ಮಂಡಿಯೂರಿ ಕುಸಿದ.

ಅಲ್ತಿನ್ ಅವನ ಮುಖ ನೋಡಿದ. ಎತ್ತಿದ ಕೈ ಅಲ್ಲೇ ನಿಂತಿತು.

"ಏನ್ಮಾಡ್ಲಿ, ಹೇಳು," ಎಂದ ಪಿಸುದನಿಯಲ್ಲಿ.

"ನಿಧಾನಕ್ಕೆ ಕೆಳಗಿಡು. ಇನ್ನೂ ನಿಧಾನ. ಈಗ ಹಿಂದೆ ಸರಿ."

ಹೆಲ್ಮೆಟ್ಟು ಕಲ್ಲಿಗೆ ತಾಕಿದೊಡನೆ ಮೂತಿಯ ಮೇಲೆ ಪುಟ್ಟ ಕೊಂಬಿದ್ದ ವಿಷದ ಹಾವು ಹೊರಬಂದು ಗೋಡೆಯ ಸಂದಿಗಿಳಿಯಿತು. ಅಲ್ತಿನ್ ಬಿರುಕು ಸುತ್ತಿ ಬಂದು ಎಬ್ಬಿಸುವವರೆಗೂ ಬೆಸ್ನಿಕ್ ಮಂಡಿಯ ಮೇಲೇ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ.