ಮಿಕ್ಕ ಕಾರು

ತಾತನ ಹಳೇ ಕಾರಿನ ಬಾಗಿಲು, ಮಡ್‌ಗಾರ್ಡುಗಳ ತುಕ್ಕನ್ನೆಲ್ಲ ಮೊಮ್ಮಗನೇ ಕೆರೆದು, ಅವನ್ನು ಬಡಿದು ನೆಟ್ಟಗೆ ಮಾಡಿದ್ದ. ಬಾನೆಟ್ಟು ಮಾತ್ರ ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತಿತ್ತು. ಅಂಥದೇ ಇನ್ನೊಂದು ಯಾವ ಗುಜರಿಯಲ್ಲೂ ಸಿಕ್ಕಿರಲಿಲ್ಲ.

ಹೆಣ್ಣು ನೋಡಲು ಹೋದ ಮನೆಯಲ್ಲಿ ಅವನ ಕಣ್ಣು ಕಿಟಕಿಯಾಚೆಗೇ ನೆಟ್ಟಿತು. ಹಿತ್ತಲ ಕೋಳಿಗೂಡಿನ ಮೇಲೆ ಅದೇ ಬಾನೆಟ್ಟು, ಚೂರೂ ತುಕ್ಕಿಲ್ಲದೆ ಕೆಂಪಗೆ ಹೊಳೆಯುತ್ತಿತ್ತು.

"ಹುಡುಗಿ ಈ ಕಡೆ ಅವ್ಳೆ ಕಣ್ಲಾ," ಚಿಕ್ಕಪ್ಪ ತಿವಿದ. "ಒಪ್ಪಿಗೇನಾ?"

"ಒಪ್ಪಿಗೆ," ಅಂದುಬಿಟ್ಟ. ಆಮೇಲೆ ಹುಡುಗಿಯ ಅಪ್ಪನ ಕಡೆ ತಿರುಗಿ, "ಆ ಕೋಳಿಗೂಡಿನ ಮೇಲಿನ ತಗಡು..." ಎಂದು ತಡವರಿಸಿದ.

ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಹುಡುಗಿ ತಲೆಯೆತ್ತಿದಳು.

"ತಗಡಲ್ಲ, ಬಾನೆಟ್ಟು. ನಾನೇ ಕೆರ್ದು ಬಣ್ಣ ಬಳ್ದಿದ್ದು. ಮಿಕ್ಕ ಕಾರು ನಿಮ್ಮನೇಲೈತೆ ಅಂತ ಗೊತ್ತಾದ ಮೇಲೇ ನಿಮ್ಮ ಜಾತಕ ತರ್ಸಿದ್ದು."