ಬೆನ್ನು ಹಾಕಿ ನಿಂತವಳು

ಹರಿಣಾಕ್ಷಿ ಎಂಟರ್ ಒತ್ತಿದ್ದೇ ಕಂಪ್ಯೂಟರ್ ತೆರೆದುಕೊಂಡಿತು. ಅವಳು ಕೂಡಲೇ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹಂಗಾರಕಟ್ಟೆಯ ಆ ಮೀನಿನ ಆಫೀಸಿಗೆ ಕೆಲಸ ಕೇಳಿಕೊಂಡು ಬಂದವಳಿಗೆ, "ಕಲ್ತದ್ದ್ ಹೌದಾರೆ ಇದ್ರ್ ಪಾಸ್‌ವರ್ಡ್ ಒಡ್ದ್ ತೋರ್ಸ್" ಎಂದಿದ್ದವರು ಮಾಲೀಕ ಚೆನ್ನಯ್ಯ ಮರಕಾಲರೇ. ಈಗ ಅವರೇ ಹುಬ್ಬು ಗಂಟಿಕ್ಕಿದರು.

"ಪಾಸ್‌ವರ್ಡ್ ನಿಂಗೆ ಯಾರ್ ಹೇಳ್ದ್ರ್ ಹೆಣೇ?"

"ಯಾರೂ ಹೇಳ್ಲಿಲ್ಲ ಮಾವ. ನಿಮ್ ಬೋಟಿನ್ ಹೆಸ್ರೇ ಅಲ್ದಾ? ಇಡೀ ದಕ್ಕೆಗೆ ಕಾಂಬಂಗೆ ಬರ್ಸಿದ್ರಿ."

ಮರಕಾಲರು ಕಿಟಕಿಯಾಚೆ ದಕ್ಕೆಯ ಕಟ್ಟೆಗೆ ಕಟ್ಟಿ ನಿಲ್ಲಿಸಿದ್ದ ತಮ್ಮ ಬೋಟನ್ನು ನೋಡಿದರು, ಆಮೇಲೆ ಅವಳನ್ನು. "ಇಷ್ಟ್ ಸಸಾರಕ್ಕೆ ಒಳ್ಗ್ ಹೋಪವ್ಳನ್ನ್ ನಾ ಹ್ಯಾಂಗ್ ನಂಬೂದ್?"

ಕುಂದಾಪುರದ ಕಂಪ್ಯೂಟರ್ ಭದ್ರತೆಯ ತರಗತಿಯಲ್ಲಿ ಕಲಿತ ದೊಡ್ಡ ಮಾತುಗಳು ನಾಲಿಗೆಯ ತುದಿಗೆ ಬಂದರೂ ಅವಳು ಆಡಲಿಲ್ಲ. ಕುರ್ಚಿ ಬಿಟ್ಟುಕೊಟ್ಟು, "ಈಗ ಬದ್ಲ್ ಮಾಡಿ ಮಾವ. ನಂಗೂ ಗೊತ್ತಾಪ್ಕಾಗ" ಎಂದು, ಅವರು ಒತ್ತುವ ಕೀಗಳು ಕಾಣದಂತೆ ಬೆನ್ನು ಹಾಕಿ ಕಿಟಕಿಯ ಹತ್ತಿರ ಹೋಗಿ ನಿಂತಳು.

ಹೊರಗೆ ಶೆಡ್ಡಿನಲ್ಲಿ ಮರಕಾಲರ ಹೊಸ ಬೋಟು ಸಿದ್ಧವಾಗುತ್ತಿತ್ತು. ಪೇಂಟರ್ ಅದರ ಮೇಲೆ ಮರಕಾಲರ ಮೊಮ್ಮಗಳ ಹೆಸರು ಬರೆಯುತ್ತಿದ್ದ: ರಮ್ಯಶ್ರೀ. ಹರಿಣಾಕ್ಷಿಯ ಬೆನ್ನ ಹಿಂದೆ ಒಂದೊಂದೇ ಕೀ ಒತ್ತುವ ಸದ್ದು ಕೇಳುತ್ತಿತ್ತು.

"ಹೊಸ ಬೋಟಿನ್ ಹೆಸ್ರೂ ಬ್ಯಾಡ ಮಾವ" ಎಂದಳು ಹರಿಣಾಕ್ಷಿ, ತಿರುಗದೆ.

ಸದ್ದು ನಿಂತಿತು. ಆಮೇಲೆ ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತಿ ಅಳಿಸುವ ಸದ್ದು ಬಂತು.

"ನಾಳೆಂದ ಕೆಲ್ಸಕ್ ಬಾ ಹೆಣೇ" ಎಂದರು ಮರಕಾಲರು. "ಈಗ ಮಾತ್ರ ಅಲ್ಲೇ ಹೊರ್ಗೆ ಕಾಂತಾ ನಿಲ್."