ಮಾತು ತಪ್ಪಿದವರು

ಗಂಡನಿಗೆ ಹೇಳದೆ ನಾಗರತ್ನಾ ದೇವದುರ್ಗದ ಬಸ್ಸು ಹತ್ತಿದಳು. ಹೇಳಿದ್ದರೆ ಅವನು ಬಿಡುತ್ತಿರಲಿಲ್ಲ. ಯಮನೂರಪ್ಪನನ್ನು ಅವನ ಮನೆಯ ಪಡಸಾಲೆಯಲ್ಲೇ ಕೇಳಬೇಕು: ತಮ್ಮ ಮನೆ ಕೊಳ್ಳುವ ಮಾತಾಡಿ ಹಿಂದೆ ಸರಿದದ್ದು ಯಾಕೆ?

ಹೀಗೆ ಕೈಕೊಟ್ಟವರಲ್ಲಿ ಅವನು ಮೊದಲಿನವನೇನಲ್ಲ.

ರಾಯಚೂರಿನ ಮನೆ ಮಾರುವ ಯೋಚನೆ ಅವಳದೇ. ಮಾನ್ವಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಾಗಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಸೊಂಟ ಹಿಡಿದುಹೋಗಿತ್ತು. ಶಾಲೆಯ ಹಿಂದಿನ ಓಣಿಯಲ್ಲಿ ಅನ್ನಮ್ಮ ಎಂಬ ಹಿರಿಯ ಹೆಂಗಸು ತನ್ನ ಮನೆ ಕೊಡಲು ಒಪ್ಪಿದ್ದಳು. ರಾಯಚೂರಿನದು ಮಾರಿ ಅದನ್ನು ಕೊಳ್ಳೋಣ ಎಂದು ಅವಳು ಹೇಳಿದಾಗ ಗಂಡ ಕೊಟ್ರೇಶ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಆಗ್ಲಿ, ನೋಡೂಣು," ಎಂದ.

ಅಕ್ಕಿ ಗಿರಣಿಯ ಪಾಲುಗಾರಿಕೆ ಮುರಿದುಬಿದ್ದಾಗಿನಿಂದ ಅವನ ಮಾತು ಹಾಗೆಯೇ, ಅರ್ಧಕ್ಕರ್ಧ. ಆ ಸಾಲದ ತಾಪತ್ರಯದಿಂದ ಹೇಗೋ ಪಾರಾದೆ ಎಂದಿದ್ದ. ಅವಳೂ ಕೆದಕಿ ಕೇಳಿರಲಿಲ್ಲ. ಸೋತು ಬಂದ ಗಂಡನನ್ನು ಮತ್ತೆ ಮತ್ತೆ ಕೇಳಿ ನೋಯಿಸುವುದು ಅವಳ ಸ್ವಭಾವವಲ್ಲ. ಮನೆ ಕೊಂಡದ್ದು ಅವನ ಹೆಸರಿನಲ್ಲಿ. ಮಾತುಕತೆಯನ್ನೆಲ್ಲ ಅವನಿಗೇ ಬಿಟ್ಟಳು. ಗಿರಾಕಿಗಳನ್ನು ಹುಡುಕಲು ದಲ್ಲಾಳಿ ಮೀರಾಹುಸೇನನಿಗೆ ಮಾತ್ರ ತಾನೇ ಹೇಳಿದಳು.

ಮೊದಲು ಬಂದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ. ಆ ಹೆಂಗಸು ಅಡುಗೆಮನೆಯಲ್ಲಿ ನಿಂತು ಫ್ರಿಜ್ ಎಲ್ಲಿ ಇಡುವುದೆಂದೂ ನೋಡಿಟ್ಟುಕೊಂಡಳು. ಹೊರಗೆ ಕಟ್ಟೆಯ ಮೇಲೆ ಕೊಟ್ರೇಶನ ಜೊತೆ ಕೂತು ಮಾತಾಡಿ ಹೋದವರು ಮತ್ತೆ ಬರಲಿಲ್ಲ. "ಲೋನ್ ಸಿಗಲಿಲ್ಲಂತ," ಎಂದ ಕೊಟ್ರೇಶ. ಆಮೇಲೆ ಚಂದ್ರಬಂಡದ ಗುತ್ತಿಗೆದಾರನೊಬ್ಬ ಬಂದ. ಅವನ ಉತ್ಸಾಹ ನೋಡಿ ನಾಗರತ್ನಾ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಇಳಿಸಿ ಚೀಲಕ್ಕೆ ತುಂಬಿ ಕಟ್ಟಿದಳು. ಅವನದೂ ಪತ್ತೆಯಿಲ್ಲ. "ವಾಸ್ತು ಕೂಡಿ ಬರಲಿಲ್ಲಂತ." ಕಟ್ಟಿದ ಚೀಲ ಬಿಚ್ಚಲು ಮನಸ್ಸಾಗದೆ ಎರಡು ಪಾತ್ರೆಗಳಲ್ಲೇ ಅಡುಗೆ ನಡೆಸಿದಳು.

ಮೀರಾಹುಸೇನ ಬಂದಾಗ ಅವಳ ಸಿಟ್ಟು ನೆತ್ತಿಗೇರಿತ್ತು.

"ಎಂಥಾ ಮಂದೀನ ಕರ್ಕೊಂಡು ಬರ್ತೀರಿ ನೀವು? ಒಬ್ರಿಗೂ ಮಾತಿನ ಮ್ಯಾಲ ನಿಗಾ ಇಲ್ಲ."

"ಬಂದವ್ರು ಚಲೋ ಮಂದೀನ ಇದ್ರು ಅಕ್ಕಾರ," ಎಂದ ಅವನು. ಮುಂದೆ ಏನೋ ಹೇಳಬೇಕೆಂದಿದ್ದವನು, ಕೊಟ್ರೇಶನ ಬೈಕು ಅಂಗಳಕ್ಕೆ ಬಂದದ್ದು ಕಂಡು ಚಪ್ಪಲಿ ಮೆಟ್ಟಿದ. ಈ ದಲ್ಲಾಳಿಯೇ ಏನೋ ಆಟ ಆಡುತ್ತಿದ್ದಾನೆ ಎಂದುಕೊಂಡು ಅವಳು ಅವನನ್ನು ಕರೆಯುವುದನ್ನೇ ಬಿಟ್ಟಳು.

ಯಮನೂರಪ್ಪ ದಲ್ಲಾಳಿಯ ಹಂಗಿಲ್ಲದೆ ಬಂದವನು. ಬಾಗಿಲಲ್ಲಿ ಅವನನ್ನು ಕಂಡು ಕೊಟ್ರೇಶ ಹೊಸ್ತಿಲಿಗೆ ಅಡ್ಡವಾಗಿ ನಿಂತ.

"ಯಾರ್ರೀ?" ಎಂದು ಅವಳು ಒಳಗಿನಿಂದ ಕೇಳಿದಳು.

"ಮನಿ ನೋಡಾಕ ಬಂದಾರ. ದೇವದುರ್ಗದಾಗ ಕಬ್ಬಿಣದ ಅಂಗಡಿ ಅದ ಅವ್ರದು."

ವಯಸ್ಸಾದ ಮನುಷ್ಯ, ಹಣೆ ತುಂಬ ವಿಭೂತಿ. ಚೌಕಾಸಿ ಮಾಡಲಿಲ್ಲ. ರೇಟಿನ ಮಾತೇ ತೆಗೆಯಲಿಲ್ಲ. ಕೋಣೆ ಕೋಣೆ ನೋಡಿ, ಮಾಳಿಗೆ ಹತ್ತಿ ಇಳಿದ. ಕೊಟ್ರೇಶ ಅವನ ಬೆನ್ನು ಬಿಡಲಿಲ್ಲ. ಹೊರಡುವಾಗ ಯಮನೂರಪ್ಪನೇ ಅವಳ ಕಡೆ ತಿರುಗಿದ.

"ಮಾಳಿಗಿ ಸೋರೋದು ನಾನ ರಿಪೇರಿ ಮಾಡಿಸ್ತೀನಿ, ನೀವು ಕಾಳಜಿ ಮಾಡಬ್ಯಾಡ್ರಿ. ಮನಿ ಭಾಳ ಚಂದ ಇಟ್ಟೀರಿ ಅಕ್ಕಾರ."

ವ್ಯಾಪಾರ ಕುದುರಿದಂತೆಯೇ ಎಂದುಕೊಂಡಳು. ಅಂದೇ ಅನ್ನಮ್ಮನಿಗೆ ಫೋನು ಮಾಡಿ, ನಿಮ್ಮ ಮನೆ ನಮಗೇ, ಬೇರೆಯವರಿಗೆ ತೋರಿಸಬೇಡಿ ಎಂದಳು. ದಿನಗಳು ಕಳೆದವು. "ದೇವದುರ್ಗದವ್ರೂ ಹಿಂದ ಸರದ್ರು," ಎಂದು ಒಂದು ಸಂಜೆ ಕೊಟ್ರೇಶ ಹೇಳಿದ. ನಾನೇ ಹೋಗಿ ಕೇಳುತ್ತೇನೆ ಎಂದರೆ ಒಪ್ಪಲಿಲ್ಲ. "ಅವ್ರ ಬಾಗಿಲಿಗೆ ಹೋಗಿ ಬೇಡೂದು ಬ್ಯಾಡ. ನಮ್ಮ ಮರ್ಯಾದಿ ಏನಾಗಬೇಕು?"

ಮರ್ಯಾದೆ ಮಾನ್ವಿಯಲ್ಲಿ ಹೋಯಿತು. ಇನ್ನಷ್ಟು ದಿನ ತಡೆಯಿರಿ ಎಂದು ಕೇಳಲು ಹೋದಾಗ ಅನ್ನಮ್ಮ ಕೂರಲು ಹೇಳಲಿಲ್ಲ.

"ನಿಮ್ಮ ಮಾತು ನಂಬಿ ಬಂದವ್ರಿಗೆಲ್ಲ ಇಲ್ಲ ಅಂದೆ. ಸಾಲಿ ಕಲಿಸೋ ಅಕ್ಕೋರು, ಸುಳ್ಳು ಹೇಳಂಗಿಲ್ಲ ಅಂತ ತಿಳಿದಿದ್ದೆ. ಇನ್ನ ಬ್ಯಾಡ್ರಿ. ಬ್ಯಾರೆಯವ್ರಿಗೆ ಕೊಟ್ಟೆ."

ಹೀಗೆ ಯಾರಿಂದಲೂ ಅನ್ನಿಸಿಕೊಂಡವಳಲ್ಲ ನಾಗರತ್ನಾ. ಮನೆ ನೋಡಲು ಬಂದವರಲ್ಲಿ ಹೆಚ್ಚು ನಂಬಿದ್ದು ಯಮನೂರಪ್ಪನನ್ನು. ಹೆಚ್ಚು ಸಿಟ್ಟೂ ಅವನ ಮೇಲೆಯೇ.

ದೇವದುರ್ಗದಲ್ಲಿ ಇಳಿದು ಕಬ್ಬಿಣದ ಅಂಗಡಿ ವಿಚಾರಿಸಿದಳು. ಮನೆ ಅಂಗಡಿಯ ಹಿಂದೆಯೇ ಇತ್ತು. ಅವಳನ್ನು ಕಂಡು ಯಮನೂರಪ್ಪ ಎದ್ದು ನಿಂತ. ಹೆಂಡತಿಯನ್ನು ಕರೆದು ಚಹಾ ತರಿಸಿದ.

"ಬರ್ರಿ ಅಕ್ಕಾರ, ಕುಂದರ್ರಿ. ಅಣ್ಣಾರು ಬರಲಿಲ್ಲೇನ್ರಿ? ಯಾವಾಗ್ಲೂ ಅವ್ರ ಬರ್ತಿದ್ರು."

"ಅವ್ರಿಗೆ ಗೊತ್ತಿಲ್ಲ. ನಾನ ಬಂದೀನಿ." ಚಹಾ ಮುಟ್ಟದೆ ಹೇಳಿದಳು. "ಹಿರಿಯರು ಅಂತ ನಿಮ್ಮನ್ನ ನಂಬಿದ್ದೆ. ನಮ್ಮ ಮನಿ ತಗೊಳ್ಳೋ ಮನಸಿಲ್ಲದಿದ್ರ ಮಾಳಿಗಿ ರಿಪೇರಿ ಮಾಡಿಸ್ತೀನಿ ಅಂತ ಯಾಕ ಹೇಳಬೇಕಿತ್ತು? ನಿಮ್ಮ ಮಾತಿನ ಮ್ಯಾಲ ನಾ ಇನ್ನೊಬ್ರಿಗೆ ಮಾತು ಕೊಟ್ಟೆ. ಈಗ ಮಾನ್ವಿಯಾಗ ನಾನ ಸುಳ್ಳುಗಾರ್ತಿ ಆದೆ."

ಅವನು ಗಲಿಬಿಲಿಗೊಂಡು ಹೆಂಡತಿಯ ಮುಖ ನೋಡಿದ. ಆಕೆ ಸೆರಗು ಎಳೆದುಕೊಂಡು ಮೆಲ್ಲಗೆ ಒಳಗೆ ಹೋದಳು.

"ಕೊಟ್ರೇಶಣ್ಣಾರು ನಿಮಗ ಏನೂ ಹೇಳಿಲ್ಲೇನು?"

"ನೀವು ಹಿಂದ ಸರದ್ರಿ ಅಂದ್ರು."

ಯಮನೂರಪ್ಪ ತಾನೇ ತಪ್ಪು ಮಾಡಿದವನಂತೆ ದನಿ ತಗ್ಗಿಸಿ ಹೇಳಿದ:

"ಆ ಮನಿ ನಾ ತಗೊಂಡು ಎರಡು ವರ್ಷ ಆತು ಅಕ್ಕಾರ. ನೀವು ಅದರಾಗ ಬಾಡಿಗಿಗೆ ಅದೀರಿ."